ಟಕ್

ಒನೊಮಿಚಿಯ ಅಂಗಡಿಯಲ್ಲಿ ಗಾಜಿನ ಮೇಜಿನ ಮೇಲೆ
ಎರಡು ಕಪ್ಪು ಬಾಡಿ. ಫುಲ್‌ಫ್ರೇಮ್ ಎರಡೂ,
ನಡುವೆ ಹನ್ನೆರಡು ಸಾವಿರ ಯೆನ್ ಅಂತರ.

ಒಂದರ ಕಣ್ಣು ಬಲು ಚುರುಕು, ರೆಪ್ಪೆಗೂದಲನ್ನೂ ಎಣಿಸುತ್ತದೆ.
ಸದ್ದೇ ಇಲ್ಲ, ಕಳ್ಳಬೆಕ್ಕು.
ಇನ್ನೊಂದು ತುಸು ಭಾರ, ಕತ್ತಲಿಗೆ ಅಂಜದು,
ಒತ್ತಿದರೆ ಟಕ್ಕೆಂದು ಚಿಲಕ ಬಿದ್ದ ಹಾಗೆ.

ತೋಕುಜಿ ತೆಗೆಯುವುದು ಮುದುಕರ ಚಿತ್ರ;
ಸತ್ತಮೇಲೆ ಗೋಡೆಗಿರಲೆಂದು ಬದುಕಿದ್ದಾಗಲೇ ಬಂದು ಕೂರುವವರದು.
'ಸುಕ್ಕು ಲೆಕ್ಕ ಹಾಕಬೇಡಪ್ಪ' ಎನ್ನುತ್ತಾರೆ,
ಕಾಲರು ತೀಡಿಕೊಂಡು.

ಮೊದಲನೆಯದರ ಮುಂದೆ ಉಸಿರು ಬಿಗಿಹಿಡಿದು
ಅಂಗಡಿಯ ಅಜ್ಜಿ ಹಿಸಾನೊ ಕೂತೇ ಇದ್ದಳು.
'ಆಯಿತಾ?'
ಆಗಿ ಹೋಗಿತ್ತು, ಏಳು ಸಲ.

ಎರಡನೆಯದು ಟಕ್ ಎಂದಿತು.
ಉಸ್ಸೆಂದು ಉಸಿರು ಬಿಟ್ಟು ನಕ್ಕಳು.
ಆ ನಗು ಚಿತ್ರಕ್ಕೆ ಸಿಗಲಿಲ್ಲ.

ಇದನ್ನೇ ಕಟ್ಟಿಕೊಡಿ, ಎಂದ.