ಎರಡು ಚುಕ್ಕಿ

ಗಿರೆಸುನ್ ಪುರಸಭೆ, ಎರಡನೆಯ ಮಹಡಿ, ಸ್ಮಶಾನ ವಿಭಾಗ.
ಕಿಟಕಿಯಾಚೆ ಕಪ್ಪು ಸಮುದ್ರ. ಹೆಸರಿಗೆ ಕಪ್ಪು, ಇವತ್ತು ಬೂದಿ.
ಹಳೆಯ ದಫ್ತರದಿಂದ ಸತ್ತವರನ್ನು
ಕಂಪ್ಯೂಟರಿನ ಚೌಕಗಳಿಗೆ ಇಳಿಸುವುದು ನನ್ನ ಕೆಲಸ.

ಮೇಲಿನವರ ಅಪ್ಪಣೆ: ಹೆಸರೆಲ್ಲ ದೊಡ್ಡಕ್ಷರದಲ್ಲಿರಲಿ.
ತುರ್ಗಾಯ್ ಅಂತ ಒಬ್ಬ ಹುಡುಗ ಬಂದು, ಕೊಟ್ಟ ಚಹಾ ಆರುವ ಮೊದಲೇ
ಹಾಳೆಯ ಬೆನ್ನಿಗೆ ಏಳು ಸಾಲು ಬರೆದು ಹೋದ.
ಅಂದಿನಿಂದ ಸಣ್ಣಕ್ಷರ ಒತ್ತಿದರೂ ಸರಿ,
ಎಂಟರ್ ತಾಗಿದ್ದೇ ತಡ
ಹೆಡ್‌ಮಾಸ್ತರು ಒಳಬಂದ ತರಗತಿಯ ಹಾಗೆ
ಎಲ್ಲ ದಡಬಡ ಎದ್ದು ನಿಲ್ಲುತ್ತವೆ.

ಖುಷಿಯಾಗಿತ್ತು, ಸುಳ್ಳೇಕೆ. ಕಿರುಬೆರಳಿನ ನೋವು ಹೋಯಿತು.

ಆಮೇಲೊಂದು ದಿನ ಶುಕುಫೆ ಅಜ್ಜಿ ಬಂದಳು,
ಹೊಸ ಗೋರಿಕಲ್ಲಿನ ಫೋಟೊ ಹಿಡಿದು.
"ಇದು ಯಾರು?"
ನಿಮ್ಮ ಯಜಮಾನರು. ಝಿಹ್ನಿ.
"ಅಲ್ಲ. ಅವನ ಇಕಾರಕ್ಕೆ ಚುಕ್ಕಿ ಇತ್ತು, ಎರಡಕ್ಕೂ.
ಚುಕ್ಕಿ ಇಲ್ಲದ್ದನ್ನು ಗಂಟಲಲ್ಲೇ ನುಂಗಬೇಕು.
ಈ ಹೆಸರಿನವನ ಪಕ್ಕ
ನಾನು ಐವತ್ತೊಂದು ವರ್ಷ ಮಲಗಿಲ್ಲ."

ವಿವರಿಸಿದೆ. ಯಂತ್ರ ಓದಿದ್ದು ಬೇರೆ ದೇಶದಲ್ಲಿ.
ಅಲ್ಲಿ ಈ ಅಕ್ಷರ ಎದ್ದು ನಿಂತರೆ ಟೋಪಿ ತೆಗೆಯುತ್ತದೆ.
ನಮ್ಮಲ್ಲಿ ತೆಗೆಯುವುದಿಲ್ಲ.
ಅಜ್ಜಿ ಕೇಳಿಸಿಕೊಂಡಳು. ತಲೆಯಾಡಿಸಲಿಲ್ಲ.
"ಹೇಝಲ್ ಕಾಯಿಯ ಮಂಡಿಯಲ್ಲಿ ತಕ್ಕಡಿ ಹಿಡಿದವನು ಅವನು.
ಯಾರಿಗೂ ಒಂದು ಕಾಯಿ ಕಮ್ಮಿ ತೂಗಲಿಲ್ಲ.
ನೀವು ಎರಡು ಇಟ್ಟುಕೊಂಡಿರಿ."

ಅವಳು ಹೋದ ಮೇಲೆ ಹಾಳೆ ಉರುಳಿಸುತ್ತ ಕೂತೆ.
ಎರಡು ಸಾವಿರದ ಮುನ್ನೂರ ಹದಿನಾರು ಸಾಲು;
ಇಸ್ಮೆತ್, ಹಿದಾಯೆತ್, ನಿಗಾರ್,
ಗಾಳಿಗೆ ತಲೆಯೊಡ್ಡಿ ನಿಂತವರು.
ಕೊನೆಯಲ್ಲಿ ನಮೂದಿಸಿದವಳ ಹೆಸರು, ಮುಝೆಯ್ಯೆನ್.
ಅದರ ಉಕಾರದ ಜೋಡಿ ಚುಕ್ಕಿ ಮಾತ್ರ ಅಲುಗಿಲ್ಲ.
ಅದನ್ನು ಯಂತ್ರ ಬಲ್ಲದು.
ನಾಚಿಕೆಯಾಯಿತು.

ದೊಡ್ಡದು ಸಣ್ಣದು ಎಂಬುದೇ ಇಲ್ಲದ ಲಿಪಿಗಳೂ
ಇವೆಯಂತೆ ದೂರದಲ್ಲೆಲ್ಲೋ.
ಅಲ್ಲಿ ಗೋರಿಯ ಮೇಲೂ ಸಾಲದ ಚೀಟಿಯ ಮೇಲೂ
ಮನುಷ್ಯ ಒಂದೇ ಎತ್ತರ.

ಕಲ್ಲುಕುಟಿಗ ರುಕ್ನೆತ್ತಿನ್ ಫೋನಿನಲ್ಲಿ ನಕ್ಕ:
"ಕಲ್ಲಿನಿಂದ ಅಳಿಸೋದು ಕಷ್ಟ, ತಂಗಿ. ಸೇರಿಸೋಕೇನು?"
ಗುರುವಾರ ಗುಡ್ಡ ಹತ್ತಿದೆವು, ಮೂವರೂ.
ಡ್ರಿಲ್ಲು ಎರಡು ಸಲ ಕಿರುಚಿ ಸುಮ್ಮನಾಯಿತು.
ಅಜ್ಜಿ ಒಂದೊಂದೇ ಗುಳಿಗೆ ಬೆರಳಿಟ್ಟು
ಬಹಳ ಹೊತ್ತು ಕಣ್ಣಲ್ಲೇ ತೂಗಿದಳು.

"ಎಡಗಡೆಯದು ಒಂಚೂರು ದೊಡ್ಡದಾಯಿತು," ಎಂದಳು.
"ಇರಲಿ.
ಕೊಸರು."