ಆಪತ್ತಿಗೆ ಐದು ಕೇಜಿ

ಸಕ್ಕರೆಗೆ ಸಾವಿಲ್ಲ ಅನ್ನುತ್ತಾಳೆ ಬೊಮ್ಮಕ್ಕ ದೊಡ್ಡವ್ವ.
ಅಕ್ಕಿಗೆ ಹುಳ ಬೀಳುತ್ತೆ, ಎಣ್ಣೆ ಕಮಟುತ್ತೆ,
ಮನುಷ್ಯರ ಮಾತಂತೂ ಸಂಜೆಗೇ ಹಳಸುತ್ತೆ;
ಸಕ್ಕರೆ ಮಾತ್ರ, ನೀರು ಸೋಕದಂತೆ ಇಟ್ಟರೆ
ಇಟ್ಟವಳಿಗಿಂತ ಹೆಚ್ಚು ದಿನ ಇರುತ್ತೆ.

ಇಪ್ಪತ್ತೊಂಬತ್ತು ವರ್ಷ ದುರ್ಗದ ಹಾಸ್ಟೆಲಿನ ಉಗ್ರಾಣ ಕಾಯ್ದವಳು.
ಬೀಗದಕೈ ಒಪ್ಪಿಸಿ ಬಂದ ಮಾರನೆಯ ದಿನವೇ
ಸಂತೆಹೊಂಡದ ಬಳಿಯ ಅಂಗಡಿಯಿಂದ
ದಪ್ಪ ಹರಳಿನದು ಐದು ಕೇಜಿ ತಂದಳು.
ಹಳೇ ಡಾಲ್ಡಾ ಡಬ್ಬ ಬೂದಿ ಹಾಕಿ ತಿಕ್ಕಿ
ಮಾಳಿಗೆ ಮೇಲೆ ಮೂರು ಬಿಸಿಲು ತೋರಿಸಿದಳು,
ಕೋತಿ ಹೊತ್ತೊಯ್ಯದಂತೆ ಕೋಲು ಹಿಡಿದು ಪಕ್ಕದಲ್ಲೇ ಕೂತು.
ಡಬ್ಬ ತಣಿಯೋವರೆಗೂ ಕಾದಳು.
‘ಬಿಸಿಗೆ ಸುರಿದ್ರೆ ಬೆವರ್ತೈತೆ, ಬೆವರಿದ್ದು ಕಲ್ಲಾಗ್ತೈತೆ.’
ಸುರಿದಾಗ
ತಗಡಿನ ಮೇಲೆ ಮಳೆ ಹಿಡಿದ ಸದ್ದು.
ಮೇಲೆ ನಾಲ್ಕು ಲವಂಗ.
ಮುಚ್ಚಳದ ಸುತ್ತ ಕರಗಿಸಿದ ಮೊಂಬತ್ತಿ.
ಅಗಲ ತಟ್ಟೆಯಲ್ಲಿ ನೀರು, ನೀರಲ್ಲಿ ಮೂರು ಕಲ್ಲು, ಕಲ್ಲಿನ ಮೇಲೆ ಡಬ್ಬ;
ಇರುವೆಗಳಿಗೆ ಕಂದಕ.
‘ಮೇಲೆ ತುಪ್ಪದ ಕೊಳ ಖಾಲಿ ಬಿದ್ದೈತೆ,
ನಂದು ಬೀಳಬಾರ್ದು.’

ಯಾವ ಆಪತ್ತಿಗೆ ಇದು ಅಂತ ಕೇಳಿದ್ದೆ.
ಒಂದು ಸಲ ಒಬ್ಬ ಹುಡುಗ, ಆರನೇ ಕ್ಲಾಸು,
ಮೊಳಕಾಲ್ಮೂರು ಕಡೆಯವನು, ವಾಂತಿ ಭೇದಿ.
ಉಪ್ಪು ಸಕ್ಕರೆ ಕಲಸಿ ನೀರು ಕೊಡು ಅಂದರಂತೆ ಡಾಕ್ಟರು.
ಸಕ್ಕರೆ ಪುಸ್ತಕದಲ್ಲಿತ್ತು, ಚೀಲದಲ್ಲಿರಲಿಲ್ಲ.
ಪುಸ್ತಕದ ಕೆಳಗೆ ಸಹಿ ನಂದೇ, ಅಂದಳು.
ಹುಡುಗ ಏನಾದ ಎಂದು ನಾನು ಕೇಳಲಿಲ್ಲ.
ಅವಳು ಮೊರ ಎತ್ತಿಕೊಂಡು ಕಲ್ಲು ಆರಿಸತೊಡಗಿದಳು,
ಮೊದಲೇ ಆರಿಸಿಟ್ಟ ಅಕ್ಕಿಯಲ್ಲಿ.

ಎರಡನೇ ವರ್ಷ ಸಕ್ಕರೆ ಅವಳ ಮೈಯೊಳಗೇ ಬಂದು ಕೂತಿತು
ಯಾವ ಮುಚ್ಚಳವೂ ಇಲ್ಲದೆ.
ನಾನೂ ಸಪ್ಪೆ ಚಹಾ ಕಲಿತೆ. ಅಡುಗೆಮನೆಯ ಸಕ್ಕರೆ ಭರಣಿಗೆ
ಗುಂಡಿ, ಸೇಫ್ಟಿಪಿನ್ನು, ರಬ್ಬರ್ ಬ್ಯಾಂಡು ಸೇರಿದವು.
ಡಬ್ಬ ಮಾತ್ರ ಮಂಚದ ಕೆಳಗೆ ತನ್ನ ದ್ವೀಪದಲ್ಲಿ.
ಯುಗಾದಿಗೆ ನೆಂಟರು ಬಂದಾಗ ಕೈ ಹಾಕಹೋದೆ:
‘ಹೋಳಿಗೆ ಆಪತ್ತಲ್ಲ ಕಣೇ.’

ಐದನೇ ವರ್ಷ, ಪುಷ್ಯದ ಚಳಿ.
ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ಕಿಟಕಿಯಲ್ಲಿ ಮಿಟುಕುತ್ತಿತ್ತು.
ಸೂಜಿ ಚುಚ್ಚಿಕೊಂಡು ಉಣ್ಣದೆ ಮಲಗಿಬಿಟ್ಟಿದ್ದಳು.
ಎರಡು ಗಂಟೆಗೆ ನನ್ನನ್ನು ‘ವಾರ್ಡನ್ ಸಾರ್’ ಎಂದು ಕರೆದಳು.
ಹಣೆಯೆಲ್ಲ ತಣ್ಣನೆ ಬೆವರು,
ಕೈ ತಟ್ಟೆಯ ನೀರಿನಂತೆ ನಡುಗುತ್ತಿತ್ತು.

ಮೇಣ ಕಿತ್ತೆ. ಲವಂಗದ ವಾಸನೆ ಮೊದಲು ಬಂತು,
ಆಮೇಲೆ ಕಂಡಿತು, ಡಬ್ಬದ ಆಕಾರಕ್ಕೇ ಕಲ್ಲಾದ ಸಕ್ಕರೆ,
ಬೆನ್ನಹಿಂದಿನ ಬೆಟ್ಟದ ಬಿಳೀ ಮರಿ.
ಚಮಚ ಬಾಗಿತು.
ಈ ಊರಲ್ಲಿ ಹೆಂಗಸು ಒನಕೆ ಎತ್ತಿದರೆ ಅದಕ್ಕೊಂದು ಇತಿಹಾಸ;
ನನಗೆ ಸಿಕ್ಕಿದ್ದು ಲಟ್ಟಣಿಗೆ.
ಬಡಿದೆ, ಪಕ್ಕದ ಮನೆಯ ದೀಪ ಹತ್ತುವಷ್ಟು ಬಡಿದೆ.
ಪುಡಿಯಾದದ್ದನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು
ಕೆನ್ನೆಯ ಒಳಗೆ, ಒಸಡಿಗೆ ಸವರಿದೆ,
ಸವರಿದೆ, ಮಗುವಿಗೆ ಬಜೆ ನೆಕ್ಕಿಸುವ ಹಾಗೆ.

ಎಷ್ಟೋ ಹೊತ್ತಿಗೆ ಕಣ್ಣು ತನ್ನ ಜಾಗಕ್ಕೆ ಬಂತು.
‘ಯಾವ ಡಬ್ಬದ್ದು?’
ಹೇಳಿದೆ.
‘ಎಷ್ಟು?’
‘ಒಂದು ಚೂರು.’
‘ಚೂರು ಅಂದ್ರೆ ಲೆಕ್ಕ ಅಲ್ಲ.’

ಬೆಳಿಗ್ಗೆ ಡಬ್ಬವನ್ನು ಅಂಗಡಿಯ ತಕ್ಕಡಿಗೆ ನಾನೇ ಹೊತ್ತೆ.
ಮುಚ್ಚಳದ ಒಳಮೈಗೆ ಮೊಳೆಯಿಂದ ಗೀಚಿದಳು:
ತಾರೀಖು. ಖರ್ಚು ನಲವತ್ತು ಗ್ರಾಂ. ಪಡೆದವರು—
ಅಲ್ಲಿ ಕೈ ತಡೆಯಿತು.
ತುಸು ಹೊತ್ತು ಮೊಳೆಯ ಮೊನೆ ತಗಡಿನ ಮೇಲೆ ಸುಮ್ಮನೆ ನಿಂತಿತ್ತು.
ಆಮೇಲೆ ಹೆಸರು ಬರೆದಳು, ಸಹಿ ಮಾಡಿದಳು,
ಹೊಸ ಮೊಂಬತ್ತಿ ತರಲು
ನನ್ನ ಕೈಗೆ ಹತ್ತು ರೂಪಾಯಿ ಇಟ್ಟಳು.