ಅರ್ಧ ಸೇರು

ಮಾಜಾಳಿಯಲ್ಲಿ ರಿಕ್ಷಾ ನಿಂತಿತು. ಮುಂದೆ ದಾರಿಯಿಲ್ಲ,
ಗುಡ್ಡ ಹತ್ತಿ ಇಳಿಯಬೇಕು, ಅಂದ ಚಾಲಕ.
ಕಾಯುತ್ತೇನೆ, ಗಂಟೆಗೆ ನೂರು.
ಆಗಲಿ ಅಂದೆ. ಚೌಕಾಸಿ ಮಾಡದ್ದು
ನನಗೇ ಸೋಜಿಗ; ಮೂರು ತಲೆಮಾರಿನ ಕಿರಾಣಿ ರಕ್ತ.

ಚೀಲದಲ್ಲಿ ಅರ್ಧ ಸೇರು ಕರಿ ಎಳ್ಳು,
ಎದುರಿನ ಅಂಗಡಿಯಲ್ಲಿ ಕೊಂಡು, ಮೊರದಲ್ಲಿ ಕೇರಿ,
ಕಲ್ಲು ಕಡ್ಡಿ ಆರಿಸಿದ್ದು.
ಯಾರ ಮನೆಗೆ, ಎಂದು ಹೆಂಡತಿ ಕೇಳಿದಳು.
ಹಳೇ ಉದ್ರಿ ಬಾಕಿ, ಎಂದಷ್ಟೇ ಹೇಳಿ ಬಂದೆ.

ಕುರುಚಲು ಕೌಳಿ ಮಟ್ಟಿ, ಕಾದ ಬಂಡೆ.
ಮಂಡಿ ಹಿಡಿದುಕೊಂಡು ಇಳಿದೆ. ಆಮೇಲೆ ಅದು:
ಎರಡು ಬಂಡೆಗಳ ನಡುವೆ ಯಾರೋ
ಗೋಣಿ ಬಿಚ್ಚಿ ಸುರಿದು ಮರೆತು ಹೋದ ಹಾಗೆ
ದಂಡೆ ತುಂಬ ಎಳ್ಳು.
ತಿಳಮಾತಿ. ಎಳ್ಳಿನ ಮಣ್ಣು.
ಹೆಸರಿಟ್ಟವರು ಯಾರೋ, ಅಂಗಡಿಯವರೇ ಇರಬೇಕು.
ಆಚೆ ದಂಡೆಯ ಮಳಲು ಬೆಳ್ಳಗೆ, ಈಚೆಯದೂ ಬೆಳ್ಳಗೆ,
ನಡುವೆ ಇದೊಂದೇ ಹೀಗೆ.

ಅಂಗೈಗೆ ಹಾಕಿ ಉಜ್ಜಿದೆ, ರೂಢಿ.
ಎಣ್ಣೆ ಬಿಡಲಿಲ್ಲ. ಮೂಗಿಗೆ ಹಿಡಿದೆ, ಉಪ್ಪು.
ಕಾಳಿನ ಗಾತ್ರ ಮಾತ್ರ ಸರಿ.
ಕತ್ತಲಲ್ಲಿ ಕೊಟ್ಟರೆ ನಾನೂ ತೂಗಿಬಿಡುತ್ತಿದ್ದೆ.

ಅಪ್ಪ ಕತ್ತಲಲ್ಲೇ ಬೆರೆಸಿದ.
ಕಾಳಿ ನದಿಗೆ ಇನ್ನೂ ಸೇತುವೆ ಇರಲಿಲ್ಲ, ಮಳೆಗೆ ತರಿ ನಿಂತು
ಹುಬ್ಬಳ್ಳಿಯ ಮಾಲು ಕೋಡಿಬಾಗದಲ್ಲೇ ಮುಗ್ಗಿತು.
ಮಹಾಲಯ ಹತ್ತಿರ. ಸದಾಶಿವಗಡಕ್ಕೆಲ್ಲ ಎಳ್ಳು ಬೇಕು,
ಡಬ್ಬಿಯಲ್ಲಿದ್ದದ್ದು ಎರಡು ಸೇರು.
ನಾನು ಕಂದೀಲು ಹಿಡಿದಿದ್ದೆ. ಹನ್ನೊಂದು ವರ್ಷ.
ಕೈ ಅಲ್ಲಾಡಿಸಬೇಡ, ಅಂದ. ಅಷ್ಟೇ ನೆನಪು,
ಮತ್ತೆ ಡಬ್ಬಿಗೆ ಮಳಲು ಬೀಳುವ ಸದ್ದು,
ಎಳ್ಳಿನ ಸದ್ದಿಗಿಂತ ತುಸು ಒರಟು.

ಸುಭದ್ರಾ ತಾಂಡೇಲ ಒಂದು ಪಾವು ಒಯ್ದಳು.
ಹಿಂದಿನ ವರ್ಷ ದೇವಗಡದ ದೀಪದಾಚೆ
ಬಲೆಯ ಜೊತೆಗೇ ಹೋಗಿದ್ದ ಅವಳ ಗಂಡ.
ಮೂರನೆಯ ದಿನ ಬಂದು, ಗಲ್ಲೆಯ ಪಕ್ಕದ ಹಲಗೆಯ ಮೇಲೆ
ಒದ್ದೆ ಚಿಟಿಕೆಯೊಂದು ಇಟ್ಟಳು.
ಗಿರಾಕಿಗಳಿದ್ದರು. ದನಿ ಏರಿಸಲಿಲ್ಲ.
ಮಗ ಬೊಗಸೆಯಿಂದ ನೀರು ಬಿಟ್ಟ, ಅಂದಳು,
ಎಲ್ಲ ನೆಟ್ಟಗೆ ತಳಕ್ಕಿಳಿಯಿತು.
ನಿಮ್ಮ ಎಳ್ಳಿಗೆ ಈಜು ಬರುವುದಿಲ್ಲ ಶೇಟರೆ.
ಅವರಿಗೆ ಬರುತ್ತಿತ್ತು.

ಅಪ್ಪ ದುಡ್ಡು ಹಿಂದೆ ಕೊಟ್ಟ. ತೆಗೆದುಕೊಂಡಳು, ಎಣಿಸಿದಳು ಕೂಡ.
ಅಂದಿನಿಂದ ನಮ್ಮಲ್ಲಿ ಎಳ್ಳು ಇಲ್ಲ.
ಸಂಕ್ರಾಂತಿಗೆ ಕೇಳಿ ಬಂದವರಿಗೆ
ಎದುರಿನ ಅಂಗಡಿ ತೋರಿಸುತ್ತಿದ್ದ ಗದ್ದ ಎತ್ತಿ.
ಸಾಯುವ ವಾರ, ಆಸ್ಪತ್ರೆಯ ಮಂಚದಲ್ಲಿ,
ಅರ್ಧ ಸೇರು, ಅಂದ. ಎರಡು ಸಲ.
ಯಾವುದರ ಅಪ್ಪಾ, ಎಂದು ಕೇಳಿದೆ.
ಕಂದೀಲು ಹಿಡಿದವನೇ ಕೇಳಿದೆ.

ಈಗ ನೀರಿನ ಅಂಚಿಗೆ ಕೂತು ಚೀಲ ಬಿಚ್ಚಿದೆ.
ಸುಭದ್ರಾ ಇಲ್ಲ. ಮಗ ವಾಸ್ಕೋ ಕಡೆ ಎಲ್ಲೋ.
ಪಡೆಯುವವರಿಲ್ಲದ ಬಾಕಿಯನ್ನು
ಎಲ್ಲಿಂದ ತಂದದ್ದೋ ಅಲ್ಲಿಗೇ.
ಸುರಿದೆ. ಕಪ್ಪಿನ ಮೇಲೆ ಕಪ್ಪು,
ಬಿದ್ದದ್ದೇ ಕಾಣಲಿಲ್ಲ.

ತೆರೆ ಬಂತು.
ಮಳಲು ಇದ್ದಲ್ಲೇ ಕೂತಿತು.
ಎಳ್ಳು ಎದ್ದಿತು. ನೊರೆಯ ಅಂಚಿಗೆ ಒಂದು ಕರಿ ಗೆರೆ,
ಹೋಯಿತು, ತಿರುಗಿತು, ಬಂದು
ನನ್ನ ಕಾಲಗಂಟಿಗೆ ಅಂಟಿಕೊಂಡಿತು ಒಂದಿಷ್ಟು.
ಬರುತ್ತದೆ ಈಜು, ಅಂದೆ ಜೋರಾಗಿ.
ಯಾರೂ ಇರಲಿಲ್ಲ. ಏಡಿಯೊಂದು ಬಿಲದಿಂದ
ಕಣ್ಣು ಎತ್ತಿ ಮತ್ತೆ ಇಳಿಸಿತು.

ಕರಿ ಮಳಲು ನೋಡಿದಿರಾ, ಫೋಟೋ ತೆಗೆದಿರಾ,
ರಿಕ್ಷಾದವ ಕೇಳಿದ. ಎರಡು ಗಂಟೆ ಆಗಿತ್ತು.
ಇನ್ನೂರು.
ಕಾಲು ಒರೆಸಿಕೊಳ್ಳದೆ ಹತ್ತಿ ಕೂತೆ.